ಎಳ್ಳು ಬೀರುವ ಆಟ, ಮಾತಿನ ಪಾಠ

ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುವ ಸ್ಪೀಚ್ ಥೆರಪಿಸ್ಟ್ ನಾನು. ಹಬ್ಬಗಳಲ್ಲಿ ನನ್ನ ಕೈ ಹಿಡಿಯುವುದು ಸಂಕ್ರಾಂತಿ. ಅದರಲ್ಲಿ ಮಗುವಿಗೆ ಮಾಡೋಕೆ ಕೆಲಸ ಇದೆ: ಹಾಕಬೇಕು, ಕಲಸಬೇಕು, ತುಂಬಬೇಕು, ಹಂಚಬೇಕು. ಮೇಲಾಗಿ ಒಂದೇ ಮಾತನ್ನು ಮನೆಮನೆಗೂ ಹೋಗಿ ಹೇಳಬೇಕು.

ಚಿತ್ರದ ಕಾರ್ಡ್ ಹಿಡಿದು "ಇದೇನು?" ಎಂದು ಕೇಳುವುದನ್ನು ನಾನು ಆದಷ್ಟು ಕಡಿಮೆ ಮಾಡುತ್ತೇನೆ. ಹಾಗೆ ಕಲಿತ ಎಷ್ಟೋ ಮಕ್ಕಳು ಕಾರ್ಡ್ ಕಂಡಾಗ "ಕಬ್ಬು" ಅನ್ನುತ್ತಾರೆ. ಆದರೆ ಕಬ್ಬು ಬೇಕಾದಾಗ ಸುಮ್ನೆ ಬೆರಳು ತೋರಿಸುತ್ತಾರೆ.

ನನ್ನ ಮೊದಲ ಆಟಕ್ಕೆ ಬಿಗಿ ಮುಚ್ಚಳದ ಡಬ್ಬಿಗಳು ಬೇಕು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಒಂದೊಂದರಲ್ಲಿ. ಮಗುವಿಗೆ ಮುಚ್ಚಳ ಬರುವುದಿಲ್ಲ, ಹಾಗಾಗಿ "ತೆಗಿ" ಅನ್ನುವ ಅಗತ್ಯ ತಾನಾಗೇ ಹುಟ್ಟುತ್ತದೆ. ನಾನು ಸುಮ್ನೆ ಕಾಯುತ್ತೇನೆ. ಮಗು "ಬೆಲ್ಲ" ಅಂದರೆ "ಬೆಲ್ಲ ಹಾಕು" ಅನ್ನುತ್ತೇನೆ. ಒಂದೇ ಪದ ಸೇರಿಸುವುದು, ಅಷ್ಟೇ. "ಎಲ್ಲಿ, ನೀನು ಹೇಳು ನೋಡೋಣ" ಎಂದು ಒತ್ತಾಯ ಮಾಡುವುದಿಲ್ಲ. ಅಪ್ಪ ಅಮ್ಮಂದಿರಿಗೆ ಜಾಸ್ತಿ ಕಷ್ಟವಾಗುವುದು ಈ ಕಾಯುವ ಕೆಲಸವೇ.

ಕಡ್ಲೇಬೀಜದ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಕಡ್ಲೇಬೀಜ ಕೊಡಬಾರದು, ಉಸಿರಿನ ಕೊಳವೆಗೆ ಹೋಗಿ ಸಿಕ್ಕಿಕೊಳ್ಳಬಹುದು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಚೂರುಗಳೇ ಬೇಡ. ಇಡೀ ಕೊಬ್ಬರಿ ಗಿಟುಕು, ದೊಡ್ಡ ಬೆಲ್ಲದ ಅಚ್ಚು, ಕಬ್ಬಿನ ಜಲ್ಲೆ ಇಟ್ಟುಕೊಂಡೇ ಆಡಿಸುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಬೀರುವ ಆಟ. ಮನೆಯವರ ಫೋಟೋಗಳನ್ನು ಸಾಲಾಗಿ ನಿಲ್ಲಿಸುತ್ತೇವೆ. "ಯಾರಿಗೆ ಕೊಡೋಣ?" ಎಂದು ಕೇಳುತ್ತೇನೆ. ಎಷ್ಟೋ ಮಕ್ಕಳು ಕೊನೆಯ "ಗೆ" ಬಿಟ್ಟು "ಅಜ್ಜಿ ಕೊಡು" ಅನ್ನುತ್ತಾರೆ. ಆಗ ನಾನು ತಿದ್ದುವುದಿಲ್ಲ. ಅಜ್ಜಿಯ ಫೋಟೋ ಎತ್ತಿ, ಅಜ್ಜಿಯೇ ಮಗುವಿಗೆ ಎಳ್ಳು ಕೊಡುವಂತೆ ಮಾಡುತ್ತೇನೆ. ಮಗುವಿಗೆ ನಗು. "ಅಲ್ಲ, ಅಜ್ಜಿಗೆ!" ಎಂದು ಅದೇ ಸರಿಮಾಡಿದಾಗ ನನಗೆ ಆಗುವ ಖುಷಿ ಹೇಳತೀರದು. ಆ ಒಂದು ಅಕ್ಷರದಿಂದ ಕೊಡುವವರು ಯಾರು, ಪಡೆಯುವವರು ಯಾರು ಎನ್ನುವುದೇ ಬದಲಾಯಿತು, ಅಲ್ವಾ?

"ಎಳ್ಳು" ಎನ್ನಲು ಬರದೆ "ಎಲ್ಲು" ಅಂದರೆ ಈ ಹಂತದಲ್ಲಿ ಅದನ್ನು ಮುಟ್ಟುವುದಿಲ್ಲ. ಈಗಷ್ಟೇ ಬಾಯಿಬಿಟ್ಟ ಮಗು ಅದು. ಉಚ್ಚಾರಣೆಗಾಗಿಯೇ ಬರುವ ದೊಡ್ಡ ಮಕ್ಕಳಿಗೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಹೇಳಿಸುತ್ತೇನೆ. ಳ ಮತ್ತು ಲ ಎರಡೂ ಒಂದೇ ಉಸಿರಲ್ಲಿ ಬರುತ್ತವೆ.

ಹಬ್ಬದ ದಿನಕ್ಕೆ ಮಗುವಿನ ಪಾಲಿಗೆ ಒಂದೇ ಮಾತು: "ತಗೊಳ್ಳಿ". ಅಕ್ಕಪಕ್ಕದ ಮನೆಯವರಿಗೆ ಮೊದಲೇ ತಿಳಿಸಿರಿ ಎಂದು ಪೋಷಕರಿಗೆ ಹೇಳುತ್ತೇನೆ. ಅವರು ಕೈ ಚಾಚಿ ಸ್ವಲ್ಪ ಹೊತ್ತು ಕಾದರೆ ಸಾಕು. ಮಾತು ಇನ್ನೂ ಬಾರದ ಮಗು ಗುಂಡಿ ಒತ್ತಿ, ಅದರಲ್ಲಿ ಮೊದಲೇ ರೆಕಾರ್ಡ್ ಮಾಡಿದ "ತಗೊಳ್ಳಿ" ಕೇಳಿಸಿದರೂ ಅದು ಹೇಳಿದ ಹಾಗೆಯೇ. ಅದಕ್ಕೂ ಅಷ್ಟೇ ಪ್ರೀತಿಯಿಂದ ಉತ್ತರ ಕೊಡಬೇಕು.

ಪದಗಳ ಪಟ್ಟಿಯನ್ನು ಮಾತ್ರ ಮನೆಯವರನ್ನು ಕೇಳದೆ ಮಾಡುವುದಿಲ್ಲ. ಉತ್ತರ ಕರ್ನಾಟಕದ ಮನೆಯಾದರೆ ಕುಸುರೆಳ್ಳು, ಸಜ್ಜೆ ರೊಟ್ಟಿ ಬರುತ್ತವೆ. ಸಂಕ್ರಾಂತಿ ಮಾಡದ ಮನೆಗೆ ಇದನ್ನು ಹೇರುವುದೂ ಇಲ್ಲ. ಉರ್ದು ಆಡುವ ಮನೆಯ ಮಗುವಿಗೆ ರಂಜಾನಿನ ಶಾವಿಗೆ, ಖರ್ಜೂರ ಇಟ್ಟು, ಅವುಗಳ ಹೆಸರನ್ನು ಅವರಮ್ಮನ ಬಾಯಲ್ಲಿ ಬರುವ ಹಾಗೆಯೇ ಕಲಿಸುತ್ತೇನೆ.

ಹಬ್ಬ ಮುಗಿದ ವಾರ ಡಬ್ಬಿಗಳಿಗೆ ಅವರೆಕಾಯಿ ಬರುತ್ತದೆ. ತೆಗಿ, ಹಾಕು, ಕೊಡು ಹಾಗೇ ಉಳಿಯುತ್ತವೆ, "ಬಿಡಿಸು" ಹೊಸದಾಗಿ ಸೇರುತ್ತದೆ.