ಕಾದಂಬರಿ ಬರೆದು ಮುಗಿಸಿದಿರಾ? ಇನ್ನು ತಿದ್ದೋಣ

ಕೊನೆಯ ಸಾಲು ಬರೆದ ರಾತ್ರಿ ನಿದ್ದೆ ಬರುವುದಿಲ್ಲ. ಸಿಂಧನೂರಿನ ನಮ್ಮ ಮನೆಯ ಮಾಳಿಗೆ ಮೇಲೆ ನಾನೂ ಹಾಗೆ ಎಚ್ಚರ ಇದ್ದೆ. ಬೆಳಗಾಗುತ್ತಲೇ ಇಡೀ ಕಾದಂಬರಿಯನ್ನು ಒಬ್ಬ ಪ್ರಕಾಶಕರಿಗೆ ಇಮೇಲ್ ಮಾಡಿಬಿಟ್ಟೆ. ಉತ್ತರವೇ ಬರಲಿಲ್ಲ. ಆರು ತಿಂಗಳ ಮೇಲೆ ತೆರೆದು ಓದಿದರೆ, ನನ್ನ ಕಥೆಯಲ್ಲಿ ಮೇ ತಿಂಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ತುಂಬಿ ಹರಿಯುತ್ತಿತ್ತು, ಹೆಣ್ಣುಮಕ್ಕಳು ಭತ್ತದ ಸಸಿ ಹಚ್ಚುತ್ತಿದ್ದರು. ಮೇನಲ್ಲಿ ಗದ್ದೆಗೆ ಕಾಲುವೆ ನೀರೆಲ್ಲಿ ಬರುತ್ತದೆ? ಕಾಲುವೆ ದಂಡೆಯಲ್ಲೇ ಬೆಳೆದ ನನಗೆ ಆ ತಪ್ಪು ಬರೆಯುವಾಗ ಕಂಡಿರಲಿಲ್ಲ.

ಅದಕ್ಕೇ ಮೊದಲ ಕೆಲಸ, ಬರೆದದ್ದನ್ನು ಒಂದು ತಿಂಗಳಾದರೂ ಮುಟ್ಟದೆ ಇಡುವುದು. ಆಮೇಲೆ ಪ್ರಿಂಟ್ ತೆಗೆಸಿ. ಖರ್ಚಾಗುತ್ತದೆ, ನಿಜ. ಆದರೆ ಮೊಬೈಲಿನಲ್ಲಿ ಜಾರಿಹೋಗುವ ತಪ್ಪು ಹಾಳೆಯ ಮೇಲೆ ಎದ್ದು ಕಾಣುತ್ತದೆ. ಎರಡು ಮೂರು ದಿನದಲ್ಲಿ ಪೂರ್ತಿ ಓದಿ. ತಿದ್ದಲು ಹೋಗಬೇಡಿ, ಬೇಸರ ಬಂದ ಕಡೆ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ, ಸಾಕು.

ಈಗ ಒಂದು ದೊಡ್ಡ ಹಾಳೆ ತಗೊಂಡು ಅಧ್ಯಾಯಕ್ಕೊಂದು ಸಾಲಿನಂತೆ ಬರೆಯಿರಿ: ಯಾವ ತಿಂಗಳು, ಹೊಲದಲ್ಲಿ ಏನಿದೆ, ಯಾರ ವಯಸ್ಸು ಎಷ್ಟು, ಯಾವ ಗುಟ್ಟು ಯಾರಿಗೆ ಗೊತ್ತು. ನಿಜವಾದ ಘಟನೆ ಕಥೆಯೊಳಗೆ ಬಂದಿದ್ದರೆ ಇನ್ನೂ ಹುಷಾರಾಗಿರಬೇಕು. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದದ್ದು 2024ರ ಆಗಸ್ಟ್ 10ರ ರಾತ್ರಿ. ಆ ಸುದ್ದಿ ಕೇಳಿದ ನಿಮ್ಮ ರೈತನ ಭತ್ತ ಆಗ ಗದ್ದೆಯಲ್ಲಿತ್ತೇ, ಇನ್ನೂ ಸಸಿಮಡಿಯಲ್ಲಿತ್ತೇ? ಅವನ ಸಂಕಟ ಎಷ್ಟು ಅನ್ನುವುದು ಅದರ ಮೇಲೆ ನಿಂತಿದೆ.

ತಿದ್ದುವಾಗ ದೊಡ್ಡದನ್ನು ಮೊದಲು ಹಿಡಿಯಿರಿ. ನಾಳೆ ಕಿತ್ತು ಹಾಕುವ ಅಧ್ಯಾಯದ ಕಾಗುಣಿತ ಇವತ್ತು ಸರಿಮಾಡಿ ಏನು ಪ್ರಯೋಜನ? ನಮ್ಮಲ್ಲಿ ಜಾಸ್ತಿ ಜನ ಊರಿನ ವರ್ಣನೆಯಿಂದ ಶುರು ಮಾಡುತ್ತೇವೆ. ನನ್ನ ಕಥೆ ನಿಜವಾಗಿ ಶುರುವಾದದ್ದು 23ನೇ ಪುಟದಲ್ಲಿ. ಹಿಂದಿನದನ್ನು ತೆಗೆದು ಬೇರೆ ಫೈಲಿನಲ್ಲಿಟ್ಟೆ. ಅದರಲ್ಲಿ ಎರಡು ಪ್ಯಾರಾ ಮಾತ್ರ ಮುಂದೆ ಬೇಕಾದವು.

ಮಾತಿನ ಭಾಗಕ್ಕೆ ಬೇಕಾದಷ್ಟು ಸಮಯ ಕೊಡಿ. ನಮ್ಮ ಕಡೆಯ ಕಾದಂಬರಿಯ ಜೀವ ಇರುವುದೇ ಅಲ್ಲಿ. ಒಬ್ಬ ತಾಯಿ 40ನೇ ಪುಟದಲ್ಲಿ “ಉಣ್ಣಾಕ ಬಾರಪಾ, ಆರಿ ಹೋಗ್ತದ” ಅಂತಾಳೆ. 90ನೇ ಪುಟದಲ್ಲಿ ಅದೇ ತಾಯಿ “ಊಟಕ್ಕೆ ಬಾರಪ್ಪ, ಆರಿಹೋಗುತ್ತೆ” ಅಂದರೆ ಓದುವವರಿಗೆ ಬೇರೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ, ಅಲ್ವಾ? ಬ್ಯಾಡ, ಯಾಕ, ಮಾಡ್ಯಾನ ಇಂಥ ರೂಪಗಳ ಪಟ್ಟಿ ಮಾಡಿ, ಪ್ರತಿ ಪಾತ್ರ ಯಾವುದನ್ನು ಬಳಸುತ್ತದೆ ಅಂತ ಗುರುತು ಹಾಕಿ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ತೆಲುಗು ಬೆರೆತ ಕನ್ನಡ ಬೇರೆ, ರಾಯಚೂರಿನ ಉರ್ದು ಬೆರೆತ ಕನ್ನಡ ಬೇರೆ. ಬೆಂಗಳೂರಿನಲ್ಲಿ ಓದಿ ಬಂದ ಮಗನ ಮಾತು ಬದಲಾಗಿದ್ದರೆ ಇರಲಿ, ಅದು ಕಥೆಗೆ ಬೇಕಾದದ್ದು. ಸಂಭಾಷಣೆಯನ್ನೆಲ್ಲ ಗಟ್ಟಿಯಾಗಿ ಓದಿ. ನಾನು ನಮ್ಮ ಚಿಗವ್ವನ ಮುಂದೆ ಓದಿದೆ. ಸೊಪ್ಪು ಸೋಸುತ್ತಲೇ ಆಕಿ ಕೇಳಿದಳು, “ಹಂಗ ಯಾರ ಮಾತಾಡ್ತಾರಪಾ?” ಆ ಸಾಲು ಅವತ್ತೇ ಹೋಯಿತು. ಚಿಗವ್ವನಂಥ ಒಬ್ಬರು ಬೇಕು. ಮೈಸೂರು ಕಡೆಯ ಒಬ್ಬರಿಗೂ ಓದಲು ಕೊಡಿ. ಅವರಿಗೆ ಒಂದು ಮಾತು ತಿಳಿಯದಿದ್ದರೆ ಮಾತನ್ನು ಬದಲಿಸಬೇಡಿ, ಅದರ ಅರ್ಥ ಸುತ್ತಲ ಸಾಲುಗಳಲ್ಲಿ ಕಾಣುವ ಹಾಗೆ ಮಾಡಿ.

ಕಾಗುಣಿತ ಕೊನೆಗೆ. ಕೆಲವು ಪ್ರಕಾಶಕರು ಪುಟ ಕಟ್ಟಲು ಕಡತವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಕ್ಕೆ ಬದಲಿಸಿಕೊಳ್ಳುತ್ತಾರೆ. ನೀವು ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲಿನಲ್ಲಿ ಬಳಸುವಂಥ ಅಕ್ಷರದಲ್ಲಿ, ಬರೆದಿದ್ದರೆ ಬದಲಾಗುವಾಗ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಜೊತೆಗೊಂದು ಪಿಡಿಎಫ್ ಕಳಿಸಿ, ಹೋಲಿಸಿ ನೋಡಲು ಬರುತ್ತದೆ.

ಕಳಿಸುವ ಮುಂಚೆ ಆ ಪ್ರಕಾಶನದ ನಾಲ್ಕು ಪುಸ್ತಕವಾದರೂ ಓದಿರಬೇಕು. ಬಳ್ಳಾರಿಯ ಲೋಹಿಯಾ ಪ್ರಕಾಶನ, 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆ, ಇವುಗಳ ಪುಸ್ತಕ ಎದುರಿಗಿಟ್ಟುಕೊಂಡು ನೋಡಿ, ಒಂದೊಂದು ಮನೆಯ ರುಚಿ ಒಂದೊಂದು ಥರ. ಜೊತೆಗೆ ಒಂದೇ ಪುಟದ ಪತ್ರ ಸಾಕು: ನೀವು ಯಾರು, ಕಥೆ ಏನು, ಎಷ್ಟು ಪದ. ಕಥೆಯ ಕೊನೆಯನ್ನೂ ಹೇಳಿಬಿಡಿ, ಮುಚ್ಚಿಡಬೇಡಿ. ಮೂರು ತಿಂಗಳು ಕಾದು, ಆಮೇಲೆ ವಿನಯದಿಂದ ಒಮ್ಮೆ ಕೇಳಿ.

ಒಪ್ಪಿಕೊಂಡರೆ ಕಾಗದದ ಮೇಲೆ ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಇರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಅನುವಾದ, ಆಡಿಯೊ, ಸಿನಿಮಾ ಹಕ್ಕು ಯಾರಿಗೆ, ರಾಯಧನ (ರಾಯಲ್ಟಿ) ಎಷ್ಟು, ನಿಮಗೆ ಕೊಡುವ ಪ್ರತಿ ಎಷ್ಟು ಅನ್ನುವುದನ್ನು ಸಹಿಗೆ ಮುಂಚೆಯೇ ಕೇಳಿ. ಸಹಿಯಾದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.