ನಾಲ್ಕು ಕಂಪ್ಯೂಟರಿಗೆ ಮಾತ್ರ ನೆಟ್ ಇಲ್ಲ

ನಾನು ನಮ್ಮ ತಾಲೂಕಿನ ಅಂಗಡಿ, ಶಾಲೆ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ನನಗೆ ಜಾಸ್ತಿ ಕಲಿಸಿದ ಕೆಲಸ ಯಾವುದು ಎಂದು ಕೇಳಿದರೆ ಒಂದು ಹೈಸ್ಕೂಲಿನ ಲ್ಯಾಬ್ ಎಂದೇ ಹೇಳುತ್ತೇನೆ. ಅಲ್ಲಿ 20 ಕಂಪ್ಯೂಟರ್, ಎಲ್ಲ ಕೇಬಲ್ ಬಂದು ಸೇರುವ 24 ಪೋರ್ಟಿನ ಒಂದು ಸ್ವಿಚ್, ಒಂದು ಪ್ರಿಂಟರ್, ಮೂಲೆಯಲ್ಲಿ ಫೈಬರ್ ರೌಟರ್. ಇಷ್ಟೇ.

"ಸರ್, ನಾಲ್ಕು ಕಂಪ್ಯೂಟರಿಗೆ ನೆಟ್ ಬರ್ತಿಲ್ಲ, ಉಳಿದದ್ದೆಲ್ಲ ಚೆನ್ನಾಗಿದೆ" ಎಂದು ಲ್ಯಾಬ್ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ಸಂಜೆ ಹೋದೆ. ರೌಟರ್ ಆಫ್ ಮಾಡಿ ಆನ್ ಮಾಡಿದೆ, ಕಂಪ್ಯೂಟರುಗಳನ್ನೂ ರೀಸ್ಟಾರ್ಟ್ ಮಾಡಿದೆ. ಎಲ್ಲದರಲ್ಲೂ ನೆಟ್ ಬಂತು. ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮತ್ತೆ ಫೋನ್. ಈ ಸಲ ಹೋಗಿದ್ದು ನಿನ್ನೆಯ ನಾಲ್ಕಲ್ಲ, ಬೇರೆ ಐದು. ಅಲ್ಲಿಗೆ ಒಂದು ಮಾತು ಖಚಿತವಾಯಿತು, ಕೆಟ್ಟಿರುವುದು ಕಂಪ್ಯೂಟರ್ ಅಲ್ಲ. ರೀಸ್ಟಾರ್ಟ್ ಮಾಡಿ ನಾನು ಸುಳಿವನ್ನೇ ಅಳಿಸಿಹಾಕಿದ್ದೆ. ಅಂದಿನಿಂದ ಏನನ್ನೂ ಮುಟ್ಟುವ ಮೊದಲು ಮಶೀನಿನ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ನೋಡಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಕಮಾಂಡ್ ಪ್ರಾಂಪ್ಟ್ ತೆಗೆದು 'ಐಪಿಕಾನ್ಫಿಗ್' ಕೊಟ್ಟೆ. ನೆಟ್ ಬರುತ್ತಿದ್ದ ಮಶೀನಿನಲ್ಲಿ 192.168.1.114, ಗೇಟ್‌ವೇ 192.168.1.1. ಬರದೇ ಇದ್ದದ್ದರಲ್ಲಿ 192.168.0.103, ಗೇಟ್‌ವೇ 192.168.0.1. ಮೂರನೆಯ ಜಾಗದಲ್ಲಿ 1ರ ಬದಲು 0, ಒಂದೇ ಅಂಕಿಯ ವ್ಯತ್ಯಾಸ. ಬೇಗ ಓದಿದರೆ ಕಣ್ಣಿಗೆ ಬೀಳುವುದೇ ಇಲ್ಲ.

ಆ ಒಂದು ಅಂಕಿ ಯಾಕೆ ಅಷ್ಟು ದೊಡ್ಡದು ಎಂದು ಮೇಡಂ ಕೇಳಿದರು. ಒಳ್ಳೆಯ ಪ್ರಶ್ನೆ. ಅಡ್ರೆಸಿನಲ್ಲಿ ಬೀದಿ ಎಷ್ಟು, ಮನೆ ಎಷ್ಟು ಎಂದು ಹೇಳುವುದು ಸಬ್‌ನೆಟ್ ಮಾಸ್ಕ್. ಅದು 255.255.255.0 ಎಂದಿದ್ದರೆ ಚುಕ್ಕಿಗಳ ನಡುವಿನ ಮೊದಲ ಮೂರು ಸಂಖ್ಯೆ ಬೀದಿಯ ಹೆಸರು, ಕೊನೆಯದು ಮನೆ ನಂಬರ್. ಒಂದೇ ಬೀದಿಯವರಾದರೆ ನೇರವಾಗಿ ಮಾತಾಡುತ್ತಾರೆ. ಬೇರೆ ಬೀದಿಗೆ ಹೋಗುವುದಿದ್ದರೆ ಊರಬಾಗಿಲು ದಾಟಬೇಕು, ಅದೇ ಗೇಟ್‌ವೇ. ಲ್ಯಾಬಿನ ಪ್ರಿಂಟರ್ 192.168.1.50ರಲ್ಲಿತ್ತು. ಕೆಟ್ಟ ಅಡ್ರೆಸ್ ಸಿಕ್ಕಿದ ಮಶೀನಿಗೆ, ಎರಡು ಅಡಿ ದೂರದಲ್ಲಿದ್ದರೂ, ಅದು ಬೇರೆ ಬೀದಿಯ ಮನೆ. ಪ್ರಿಂಟಿಗೆ ಕೊಟ್ಟದ್ದನ್ನು 192.168.0.1ಕ್ಕೆ ಕಳಿಸುತ್ತದೆ. ಅಲ್ಲಿಂದ ಮುಂದೆ ದಾರಿಯೇ ಇಲ್ಲ. "ಹಾಗಾದ್ರೆ ಪ್ರಿಂಟರ್ ಕೂಡ ಕೈಕೊಡ್ತಿದ್ದದ್ದು ಇದಕ್ಕೇನಾ?" ಎಂದರು. ಹೌದು, ಅದಕ್ಕೇ.

ಈಗ ಉಳಿದ ಪ್ರಶ್ನೆ, ಈ 192.168.0.1 ಯಾರು? ನಾನಂತೂ ಹಾಕಿದವನಲ್ಲ. ಕಂಪ್ಯೂಟರ್ ಆನ್ ಆದಾಗ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ, ನನಗೊಂದು ಅಡ್ರೆಸ್ ಕೊಡಿ ಎಂದು. ಕೊಡುವ ಕೆಲಸ ಡಿಎಚ್‌ಸಿಪಿಯದು. ಸಾಮಾನ್ಯವಾಗಿ ರೌಟರಿನೊಳಗೇ ಅದು ಇರುತ್ತದೆ. ಕೊಡುವವರು ಇಬ್ಬರಿದ್ದರೆ? ಕಂಪ್ಯೂಟರ್ ಮೊದಲು ಬಂದ ಉತ್ತರವನ್ನೇ ಹಿಡಿದುಕೊಳ್ಳುವುದು ಜಾಸ್ತಿ. ಅದಕ್ಕೇ ದಿನಾ ಬೇರೆ ಬೇರೆ ಮಶೀನು ಕೆಡುತ್ತಿದ್ದದ್ದು.

ಕೆಟ್ಟ ಮಶೀನಿನಲ್ಲಿ 'ಐಪಿಕಾನ್ಫಿಗ್ ಸ್ಲ್ಯಾಷ್ ಆಲ್' ಕೊಟ್ಟರೆ ಅಡ್ರೆಸ್ ಕೊಟ್ಟವರು ಯಾರೆಂಬ ಸಾಲೂ ಬರುತ್ತದೆ. ಅಲ್ಲೂ 192.168.0.1. ಅದಕ್ಕೆ ಪಿಂಗ್ ಹೊಡೆದೆ, ಅಂದರೆ ಇದ್ದೀಯಾ ಎಂದು ಕೂಗಿ ನೋಡಿದೆ, ಉತ್ತರ ಬಂತು. 'ಎಆರ್‌ಪಿ' ಕಮಾಂಡಿನಲ್ಲಿ ಅದರ ಮ್ಯಾಕ್ ಅಡ್ರೆಸ್, ಅಂದರೆ ತಯಾರಿಸುವಾಗಲೇ ಅದಕ್ಕೆ ಕೊಟ್ಟ ಗುರುತಿನ ನಂಬರ್, ನೋಡಿದೆ. ಮ್ಯಾಕ್ ಅಡ್ರೆಸಿನ ಮೊದಲ ಆರು ಅಕ್ಷರ ತಯಾರಿಸಿದ ಕಂಪನಿಯದು. ಹುಡುಕಿದರೆ, ಮನೆಬಳಕೆಯ ವೈಫೈ ರೌಟರ್ ಮಾಡುವ ಕಂಪನಿ. ಅಂದರೆ ಶಾಲೆಯೊಳಗೆ ಎಲ್ಲೋ ಇನ್ನೊಂದು ರೌಟರ್ ಕೂತಿದೆ.

ಎಲ್ಲಿ? ಕೇಬಲ್‌ಗಳಿಗೆ ಒಂದಕ್ಕೂ ಹೆಸರಿರಲಿಲ್ಲ. ನನ್ನ ಲ್ಯಾಪ್‌ಟಾಪಿಗೆ 192.168.0.250 ಎಂದು ಕೈಯಾರೆ ಅಡ್ರೆಸ್ ಕೊಟ್ಟು, ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿದೆ. 192.168.0.1ಕ್ಕೆ ನಿಲ್ಲಿಸದೆ ಪಿಂಗ್ ಹೋಗುವಂತೆ ಬಿಟ್ಟೆ. ಆಮೇಲೆ ಒಂದೊಂದೇ ಕೇಬಲ್ ಕೀಳುವುದು, ಹತ್ತು ಸೆಕೆಂಡ್ ಕಾಯುವುದು, ಮತ್ತೆ ಹಾಕುವುದು. 17ನೇ ಪೋರ್ಟ್ ಕಿತ್ತ ಕೂಡಲೇ 'ಟೈಮ್ಡ್ ಔಟ್' ಬರತೊಡಗಿತು. ಹಾಕಿದರೆ ಉತ್ತರ, ಕಿತ್ತರೆ ಮೌನ. ಮೂರು ಸಲ ಮಾಡಿ ನೋಡಿದೆ, ಖುಷಿಗೂ ಸೇರಿ.

ಆ ಕೇಬಲ್ ಗೋಡೆ ದಾಟಿ ಸ್ಟಾಫ್ ರೂಮಿಗೆ ಹೋಗಿತ್ತು. ಅಲ್ಮೇರಾದ ಮೇಲೆ ಹಳೇ ವೈಫೈ ರೌಟರ್. ಮೊಬೈಲಿಗೆ ನೆಟ್ ಬೇಕೆಂದು ಯಾರೋ ಮನೆಯಿಂದ ತಂದಿಟ್ಟಿದ್ದರು. ತಪ್ಪು ಉದ್ದೇಶವೇನಲ್ಲ. ಕೇಬಲನ್ನು ಹೊರಗಿನ ನೆಟ್ ಒಳಬರುವ ವ್ಯಾನ್ ಪೋರ್ಟಿಗೆ ಹಾಕುವ ಬದಲು ಒಳಗಿನ ಮಶೀನುಗಳಿಗಿರುವ ಲ್ಯಾನ್ ಪೋರ್ಟಿಗೆ ಹಾಕಿದ್ದರು. ಹಾಗಾಗಿ ಅದು ಇಡೀ ಲ್ಯಾಬಿಗೆ ಅಡ್ರೆಸ್ ಹಂಚಲು ಹೊರಟಿತ್ತು. ಸಂಜೆ ಬಾಗಿಲು ಹಾಕುವಾಗ ಅಟೆಂಡರ್ ಆ ರೌಟರಿನ ಕರೆಂಟ್ ಆರಿಸುತ್ತಿದ್ದರು. ಹಿಂದಿನ ಸಂಜೆ ನಾನು ಹೋದಾಗ ಎಲ್ಲ ಸರಿಯಾದದ್ದು ಹಾಗೆ.

ಅದನ್ನು ಕಿತ್ತು ಬಿಸಾಡಲು ಮನಸ್ಸಾಗಲಿಲ್ಲ. ಮೇಷ್ಟ್ರುಗಳಿಗೂ ನೆಟ್ ಬೇಕಲ್ವಾ? ಕೇಬಲನ್ನು ವ್ಯಾನ್ ಪೋರ್ಟಿಗೆ ಬದಲಿಸಿದರೂ ನಡೆಯುತ್ತಿತ್ತು. ಆದರೆ ಆಗ ಸ್ಟಾಫ್ ರೂಮಿನ ಮೊಬೈಲುಗಳು ಆ ರೌಟರಿನ ಹಿಂದೆ ಬೇರೆ ಬೀದಿಯಾಗಿಯೇ ಉಳಿಯುತ್ತವೆ, ಪ್ರಿಂಟರ್ ತಾನಾಗಿ ಕಾಣುವುದು ಕಷ್ಟ. ಹಾಗಾಗಿ ಅದನ್ನು ಬರೀ ವೈಫೈ ಕೊಡುವ ಡಬ್ಬಿಯಾಗಿ ಮಾಡಿದೆ. ಗೋಡೆಯ ಕೇಬಲ್ ತೆಗೆದು, ಲ್ಯಾಪ್‌ಟಾಪಿನ ಅಡ್ರೆಸನ್ನು ಮತ್ತೆ ಆಟೊಮ್ಯಾಟಿಕ್ ಮಾಡಿ ನೇರವಾಗಿ ಅದಕ್ಕೆ ಹಾಕಿ, ಅದರ ಅಡ್ರೆಸ್ 192.168.1.2 ಎಂದು ಬದಲಿಸಿದೆ. ಮುಖ್ಯ ರೌಟರ್ ಹಂಚುವುದು 100ರಿಂದ 200ರವರೆಗೆ, ಹಾಗಾಗಿ 2 ಯಾರಿಗೂ ಅಡ್ಡ ಬರುವುದಿಲ್ಲ. ಹೊಸ ಅಡ್ರೆಸಿನಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿದೆ. ಈ ಕ್ರಮ ತಪ್ಪಬೇಡಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ಅಡ್ರೆಸ್ ಸಿಗದೆ, ರೌಟರಿನ ಪೇಜೇ ತೆರೆಯದೆ ಒದ್ದಾಡಬೇಕಾಗುತ್ತದೆ. ಆಮೇಲೆ ಗೋಡೆಯ ಕೇಬಲನ್ನು ಮತ್ತೆ ಲ್ಯಾನ್ ಪೋರ್ಟಿಗೇ ಹಾಕಿದೆ.

ಐದು ಮಶೀನಿನಲ್ಲೂ ಹಳೇ ಅಡ್ರೆಸ್ ಬಿಟ್ಟು ಹೊಸದು ಕೇಳುವ 'ರಿಲೀಸ್', 'ರಿನ್ಯೂ' ಕೊಟ್ಟೆ. ನಾಲ್ಕು ಸರಿಹೋದವು. ಐದನೆಯದರಲ್ಲಿ ಅಡ್ರೆಸ್ ಸರಿ, ಹೊರಗಿರುವ ಗೂಗಲ್‌ನ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಆದರೆ ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಅಂಕಿಗೆ ದಾರಿ ಇದೆ, ಹೆಸರಿಗೆ ಇಲ್ಲ ಎಂದರೆ ಅದು ವೆಬ್‌ಸೈಟಿನ ಹೆಸರಿಗೆ ಅಂಕಿ ಹುಡುಕಿಕೊಡುವ ಡಿಎನ್‌ಎಸ್‌ನ ತೊಂದರೆ. ಅಡಾಪ್ಟರ್ ಸೆಟ್ಟಿಂಗ್ ತೆರೆದರೆ ಡಿಎನ್‌ಎಸ್ ಜಾಗದಲ್ಲಿ 192.168.0.1 ಎಂದು ಯಾರೋ ಟೈಪ್ ಮಾಡಿಟ್ಟಿದ್ದರು. ನನಗಿಂತ ಮೊದಲು ರಿಪೇರಿಗೆ ಕೈಹಾಕಿದವರ ಗುರುತು. ಆಟೊಮ್ಯಾಟಿಕ್ ಮಾಡಿದೆ, ಮುಗಿಯಿತು.

ಇನ್ನೊಂದು ಅಡ್ರೆಸ್ ಮಾತ್ರ ಮೇಡಂಗೆ ಹೇಳಿಕೊಟ್ಟೆ. 169.254ರಿಂದ ಶುರುವಾದರೆ, ಕೂಗಿದ್ದಕ್ಕೆ ಯಾರೂ ಓಗೊಟ್ಟಿಲ್ಲ, ಮಶೀನು ತಾನೇ ಒಂದು ಅಡ್ರೆಸ್ ಇಟ್ಟುಕೊಂಡಿದೆ ಎಂದರ್ಥ. ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಇದನ್ನು ನೋಡಿದ್ದೆ. ಅಲ್ಲಿ ಇಲಿ ಕೇಬಲಿನ ಎರಡು ಎಳೆ ಕಡಿದಿತ್ತು. ಇದು ಬಂದಾಗ ಸೆಟ್ಟಿಂಗಿಗಿಂತ ಮೊದಲು ವೈರ್ ನೋಡಿ ಎಂದೆ.

ಹೊರಡುವ ಮೊದಲು ಪ್ರತಿ ಕೇಬಲಿಗೂ ನಂಬರ್ ಅಂಟಿಸಿದೆವು. ಯಾವ ಪೋರ್ಟ್ ಎಲ್ಲಿಗೆ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಸ್ವಿಚ್ಚಿನ ಪಕ್ಕದ ಗೋಡೆಗೆ ಹಚ್ಚಿದೆವು. ಎರಡು ತಾಸು ಹಿಡಿಯಿತು.

ಕೆಲವು ತಿಂಗಳಾದ ಮೇಲೆ ಮೇಡಂ ಫೋನ್ ಮಾಡಿದರು. "ಸರ್, 9ನೇ ಮಶೀನಿನಲ್ಲಿ 169.254 ಬರ್ತಿದೆ. ಸ್ವಿಚ್ಚಿನಲ್ಲಿ ಅದರ ಲೈಟೂ ಹತ್ತಿ ಹತ್ತಿ ಆರ್ತಿದೆ." ನಾನು ಬಾಯಿ ತೆರೆಯುವಷ್ಟರಲ್ಲಿ, "ಇರಿ ಇರಿ, ಕಸ ಗುಡಿಸುವಾಗ ಮಶೀನಿನ ಹಿಂದೆ ಕೇಬಲ್ ಸಡಿಲಾಗಿದೆ, ಒತ್ತಿ ಹಾಕಿದೆ... ಬಂತು!" ಎಂದರು.