ಆರು ಅಂಕ, ನಾಲ್ಕು ಅಂಕ: ಸಿಎ ಫೈನಲ್ ನಾನು ದಾಟಿದ ಬಗೆ

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಫೈನಲ್‌ನ 2020ರ ನವೆಂಬರ್ ಪರೀಕ್ಷೆಯ ಫಲಿತಾಂಶ 2021ರ ಫೆಬ್ರುವರಿಯಲ್ಲಿ ಬಂತು. ಆಗ ನಾಲ್ಕು ನಾಲ್ಕು ವಿಷಯಗಳ ಎರಡು ಗ್ರೂಪುಗಳಿದ್ದವು. ಮೊದಲ ಗ್ರೂಪಿನಲ್ಲಿ ನನಗೆ 400ಕ್ಕೆ 196. ಅದರ ಹಿಂದಿನ ಬಾರಿ 194. ತೇರ್ಗಡೆಗೆ ಬೇಕಾದ ನಲವತ್ತನ್ನು ನಾಲ್ಕೂ ವಿಷಯಗಳಲ್ಲಿ ದಾಟಿದ್ದೆ, ಅದರ ಜೊತೆಗೆ ಬೇಕಾದ ಒಟ್ಟು ಇನ್ನೂರು ಮಾತ್ರ ಮುಟ್ಟಿರಲಿಲ್ಲ. ಆ ವಾರ ಮನೆಗೆ ಬಂದ ಸೋದರಮಾವ ಅವ್ವನ ಎದುರಿಗೇ ಹೇಳಿದರು: "ತಮ್ಮಾ, ಇದು ಬುದ್ಧಿವಂತರ ಪರೀಕ್ಷೆ. ನೀನು ಕಷ್ಟಪಡುವ ಹುಡುಗ. ಬ್ಯಾಂಕಿನ ಪರೀಕ್ಷೆ ಬರೆ." ಹುಬ್ಬಳ್ಳಿಯಲ್ಲಿ ನನ್ನ ಜೊತೆ ಕೋಣೆಯಲ್ಲಿದ್ದ ಗೆಳೆಯ ಫೋನಿನಲ್ಲಿ ಬೇರೆಯೇ ಹೇಳಿದ: "ಛಲ ಬಿಡಬೇಡ, ಇನ್ನೊಂದು ಸಲ ಕೂತುಬಿಡು." ಇಬ್ಬರ ಮಾತನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ದಾಟಿದೆ ಎಂದು ಇವತ್ತು ಧೈರ್ಯವಾಗಿ ಬರೆಯುತ್ತೇನೆ.

ಛಲದ ಲೆಕ್ಕವನ್ನು ಮೊದಲು ಹೇಳಬೇಕು. 2018ರ ನವೆಂಬರಿನಲ್ಲಿ ಎರಡೂ ಗ್ರೂಪು ಬರೆದು ಎರಡರಲ್ಲೂ ಬಿದ್ದೆ. 2019ರ ಮೇ ತಿಂಗಳಲ್ಲಿ ಎಫ್‌ಆರ್‌ನಲ್ಲಿ (ಹಣಕಾಸು ವರದಿಯ ವಿಷಯ) 34. ಅದರ ನಂತರ ಮೇಲೆ ಹೇಳಿದ 194, 196. ಈ ನಾಲ್ಕೂ ಅಟೆಂಪ್ಟುಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆ ಓದಿದ್ದಿಲ್ಲ. ಸಿಎ ಸಂಸ್ಥೆಯ ಪಠ್ಯಪುಸ್ತಕಗಳಾದ ಮಾಡ್ಯೂಲ್‌ಗಳನ್ನು ಮೂರು ಮೂರು ಸಲ ಮುಗಿಸಿದ್ದೆ. ಪ್ರತಿ ಸಲ ಬಿದ್ದಾಗಲೂ ಮಾಡಿದ್ದು ಒಂದೇ: ಇನ್ನೊಂದು ಹೊಸ ತರಗತಿಗೆ ದುಡ್ಡು ಕಟ್ಟಿ ಮೊದಲ ಅಧ್ಯಾಯದಿಂದ ಶುರು ಮಾಡುವುದು. ಎಫ್‌ಆರ್‌ಗೆ ಒಂದು ಪೆನ್‌ಡ್ರೈವ್ ತರಗತಿ, ಎಸ್‌ಎಫ್‌ಎಂಗೆ (ಹಣಕಾಸು ನಿರ್ವಹಣೆಯ ವಿಷಯ) ಎರಡು, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ಸಾವಿರ. ಅವುಗಳಲ್ಲಿ ಒಂದರ ಅವಧಿ ಕೊರೊನಾದಿಂದ ಪರೀಕ್ಷೆ ಮುಂದೂಡಿದ ವರ್ಷ ಮುಗಿದುಹೋಯಿತು. ವಿಸ್ತರಿಸಿ ಎಂದು ಹತ್ತು ಸಲ ಕೇಳಿದೆ, ಮತ್ತೆ ಹಣ ಕಟ್ಟಿ ಎಂದರು. ಸಿಎ ಕಚೇರಿಯಲ್ಲಿ ಮಾಡಲೇಬೇಕಾದ ತರಬೇತಿಯಾದ ಆರ್ಟಿಕಲ್‌ಶಿಪ್‌ನಲ್ಲಿ ಮೊದಲ ವರ್ಷ ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಎರಡು ಸಾವಿರಕ್ಕೂ ಕಡಿಮೆ, ವಿದ್ಯಾನಗರದ ಕೋಣೆಯ ಬಾಡಿಗೆಯಲ್ಲಿ ನನ್ನ ಪಾಲೇ ಎರಡೂವರೆ ಸಾವಿರ. ಆಮೇಲೆ ಬ್ಯಾಡಗಿಯ ನಾಲ್ಕು ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕ ಬರೆದು, ಪ್ರತಿ ತಿಂಗಳ ಇಪ್ಪತ್ತರೊಳಗೆ ಜಿಎಸ್‌ಟಿ ರಿಟರ್ನ್ 3ಬಿ ಸಲ್ಲಿಸಿ, ಅಂಗಡಿಗೆ ಐನೂರರಂತೆ ಪಡೆಯುತ್ತಿದ್ದೆ. ಸಾಲದೆ ಹೋದಾಗ ಅವ್ವನ ಎರಡು ಬಳೆ ಸೊಸೈಟಿಗೆ ಹೋದವು. ಎಲ್ಲ ಸೇರಿ ಮೂರೂವರೆ ಲಕ್ಷವಾದರೂ ಖರ್ಚಾಗಿರಬೇಕು.

196 ಬಂದ ಮೇಲೆ ಹೊಸ ತರಗತಿಗೆ ಕಟ್ಟಲು ದುಡ್ಡಿರಲಿಲ್ಲ. ಇದ್ದದ್ದು ಎರಡು ಸಾವಿರ ಚಿಲ್ಲರೆ. ಅದನ್ನು ನಾಲ್ಕು ಉತ್ತರ ಪತ್ರಿಕೆಗಳ ಪ್ರತಿಗೆ ಕಟ್ಟಿದೆ, ವಿಷಯಕ್ಕೆ ಐನೂರು. ಮರುಪರಿಶೀಲನೆಯಲ್ಲಿ ನಾಲ್ಕು ಅಂಕ ಸಿಗಲಿ ಎಂಬ ಆಸೆಯಿಂದಲ್ಲ. ಮೂರು ವರ್ಷ ಬೇರೆಯವರ ಪುಸ್ತಕಗಳನ್ನು ಆಡಿಟ್ ಮಾಡಿದ್ದ ನಾನು ನನ್ನ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಪ್ರತಿಗಳು ಬಂದ ಮೇಲೆ ಒಂದು ಎಕ್ಸೆಲ್ ಹಾಳೆ ತೆರೆದು, ಹೋದ ಒಂದೊಂದು ಅಂಕಕ್ಕೂ ಕಾರಣ ಬರೆದೆ. ಎಂಟು ದಿನ ಹಿಡಿಯಿತು. ಆಡಿಟ್ ಮತ್ತು ಕಾನೂನಿನ ಬಹು ಆಯ್ಕೆ ಭಾಗ ಬಿಟ್ಟರೆ ಬರವಣಿಗೆಯಲ್ಲಿ ಕಳೆದುಕೊಂಡದ್ದು ಸುಮಾರು 180 ಅಂಕ. ಅದರಲ್ಲಿ ಐವತ್ತು ಅಂಕದ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ, ಸಮಯ ಮುಗಿದಿತ್ತು. ಮೂವತ್ತೈದು ಅಂಕದಷ್ಟು ಅರ್ಧಕ್ಕೆ ನಿಂತ ಉತ್ತರಗಳು. ಮೂವತ್ತರಷ್ಟು ಪ್ರಶ್ನೆಯನ್ನು ತಪ್ಪಾಗಿ ಓದಿದ್ದು. ಇಪ್ಪತ್ತೈದರಷ್ಟು ತೀರ್ಮಾನ ಸರಿಯಿದ್ದು ಕಾರಣ ಬರೆಯದೆ ಬಿಟ್ಟದ್ದು. ನಿಜವಾಗಿ ಗೊತ್ತಿಲ್ಲದೆ ಹೋದದ್ದು ನಲವತ್ತು ಮಾತ್ರ. ಆ ನಲವತ್ತಕ್ಕಾಗಿಯೇ ನಾನು ಎರಡೂವರೆ ವರ್ಷ ಓದುತ್ತ ಕುಳಿತಿದ್ದೆ! ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಿಗಿಂತ ಸಂತೋಷವೇ ಹೆಚ್ಚಾಗಿತ್ತು.

ಅಂದಿನಿಂದ ಓದುವುದನ್ನು ಬೆಳಗಿನ ಮೂರು ಗಂಟೆಗೆ ಇಳಿಸಿದೆ. ಮಧ್ಯಾಹ್ನ ಒಂದು ಮುಕ್ಕಾಲಿಗೆ ಪ್ರಶ್ನೆಪತ್ರಿಕೆ ಓದಲು ಕೂರುವುದು, ಎರಡರಿಂದ ಐದರವರೆಗೆ ಪೂರ್ತಿ ಪತ್ರಿಕೆ ಬರೆಯುವುದು. ಆರ್‌ಟಿಪಿ (ಪುನರಾವರ್ತನೆಗೆ ಸಿಎ ಸಂಸ್ಥೆ ಕೊಡುವ ಪ್ರಶ್ನೆಗಳು), ಎಂಟಿಪಿ (ಅದರ ಅಣಕು ಪರೀಕ್ಷೆಯ ಪತ್ರಿಕೆಗಳು), ಹಳೆಯ ಪ್ರಶ್ನೆಪತ್ರಿಕೆಗಳು, ಇಷ್ಟೇ ಸಾಮಗ್ರಿ. ಅಂಕಕ್ಕೆ ಒಂದೂವರೆ ನಿಮಿಷ ಎಂಬ ಲೆಕ್ಕದಲ್ಲಿ ಮೊಬೈಲಿನಲ್ಲಿ ಗಂಟೆ ಇಟ್ಟೆ. ಹದಿನಾಲ್ಕು ಅಂಕಕ್ಕೆ ಇಪ್ಪತ್ತೊಂದು ನಿಮಿಷ. ಗಂಟೆ ಬಾರಿಸಿದರೆ ವಾಕ್ಯದ ನಡುವೆಯೇ ಪೆನ್ನು ಎತ್ತಿ, ಅರ್ಧ ಪುಟ ಖಾಲಿ ಬಿಟ್ಟು ಮುಂದಿನ ಪ್ರಶ್ನೆ. ಮೊದಲ ಹದಿನೈದು ದಿನ ಕೈ ಕೇಳಲಿಲ್ಲ. ಬ್ಯಾಲೆನ್ಸ್ ಶೀಟು ತಾಳೆಯಾಗದೆ ಬಿಟ್ಟೇಳುವುದು ನಮ್ಮಂಥವರಿಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಬರೆದ ಹಾಳೆಗಳ ಫೋಟೊ ದಾವಣಗೆರೆಯ ಒಬ್ಬ ಗೆಳತಿಗೆ, ಅವಳವು ನನಗೆ. ಕರುಣೆಯಿಲ್ಲದೆ ಅಂಕ ಕತ್ತರಿಸುವುದು ಒಪ್ಪಂದ. "ಹೊಸದಾಗಿ ಓದದೆ ಏನು ಬರೆಯುತ್ತೀ?" ಎಂದು ಕೋಣೆಯ ಗೆಳೆಯ ನೊಂದುಕೊಂಡ. ನಾಲ್ಕು ತಿಂಗಳಲ್ಲಿ ಎಪ್ಪತ್ತು ಪತ್ರಿಕೆಯಾದರೂ ಬರೆದಿದ್ದೇನೆ. ಆ ಮೇ, ಜೂನ್ ಲಾಕ್‌ಡೌನ್. ಊರಲ್ಲೇ ಇದ್ದೆ, ಅಂಗಡಿಗಳ ಕೆಲಸವೂ ಇಳಿದಿತ್ತು.

ಎಫ್‌ಆರ್ ಪತ್ರಿಕೆಯಲ್ಲಿ ಯಾವ ಪ್ರಶ್ನೆಯನ್ನು ಯಾವ ಕ್ರಮದಲ್ಲಿ ಎತ್ತಿಕೊಳ್ಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹದಿನೈದು ಅಂಕ ತಂದುಕೊಟ್ಟ ಕ್ರಮ ಅದು, ಈಗ ನನ್ನ ಕಚೇರಿಯಲ್ಲಿ ತರಬೇತಿಗಿರುವ ಆರ್ಟಿಕಲ್‌ಗಳಿಗೆ ಮಾತ್ರ ಹೇಳಿಕೊಡುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬೆಳಗಿನ ನಾಲ್ಕಕ್ಕೆ ಏಳುವುದು ಮೂರು ವಾರ ಮಾಡಿದೆ. ಮಧ್ಯಾಹ್ನ ಮೂರಕ್ಕೆ, ಪರೀಕ್ಷೆಯ ನಟ್ಟನಡುವಿನ ಹೊತ್ತಿಗೆ, ತಲೆ ಮಂಕಾಗುತ್ತಿತ್ತು. ಬಿಟ್ಟೆ. ಅನ್ನ ಉಂಡು ಬರೆದ ದಿನಕ್ಕೂ ಒಂದೂವರೆ ರೊಟ್ಟಿ ತಿಂದು ಬರೆದ ದಿನಕ್ಕೂ ಎಂಟು ಹತ್ತು ಅಂಕದ ವ್ಯತ್ಯಾಸ ಕಂಡೆ. ನಿಜಕ್ಕೂ ಫಲ ಕೊಟ್ಟದ್ದು ಕನ್ನಡ. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಈ ಪರೀಕ್ಷೆ ಇರುವುದು ಇಂಗ್ಲಿಷ್, ಹಿಂದಿಯಲ್ಲಿ. ಆಡಿಟಿಂಗ್ ಮಾನದಂಡಗಳನ್ನು ಬಾಯಿಪಾಠ ಮಾಡಿ ಮಾಡಿ ಮರೆಯುತ್ತಿದ್ದೆ. ಒಂದು ಸಂಜೆ ಡೈರಿಗೆ ಹಾಲು ಹಾಕಿ ಬಂದ ಅವ್ವನಿಗೆ ಎಸ್‌ಎ 705 ವಿವರಿಸಿದೆ, ಲೆಕ್ಕ ಸರಿಯಿಲ್ಲದಾಗ ಆಡಿಟರ್ ಯಾವ ಬಗೆಯ ಅಭಿಪ್ರಾಯ ಬರೆಯಬೇಕು ಎಂದು ಹೇಳುವ ಮಾನದಂಡ ಅದು. ಡೈರಿಯ ಲೆಕ್ಕದಲ್ಲಿ ಒಂದು ಕಡೆ ದೊಡ್ಡ ತಪ್ಪಿದೆ, ಉಳಿದದ್ದು ಸರಿಯಿದೆ, ಅದು ಕ್ವಾಲಿಫೈಡ್. ತಪ್ಪು ಲೆಕ್ಕದ ತುಂಬ ಹರಡಿದೆ, ಪುಸ್ತಕವನ್ನೇ ನಂಬುವಂತಿಲ್ಲ, ಅದು ಅಡ್ವರ್ಸ್. ಕೇಳಿದ ಪುಸ್ತಕಗಳನ್ನೇ ಕೊಡಲಿಲ್ಲ, ಏನನ್ನೂ ಹೇಳಲಾರೆ, ಅದು ಡಿಸ್ಕ್ಲೇಮರ್. "ಇಷ್ಟೇ ಏನು?" ಎಂದಳು ಅವ್ವ. ಆಮೇಲೆ ಎಲ್ಲ ಮಾನದಂಡಗಳನ್ನೂ ಕನ್ನಡದಲ್ಲಿ ಒಂದೊಂದು ಸಾಲು ಬರೆದುಕೊಂಡೆ. ಉತ್ತರ ಇಂಗ್ಲಿಷಿನಲ್ಲೇ ಬರೆದರೂ ತಡವರಿಸುವುದು ನಿಂತಿತು.

2021ರ ಜುಲೈ ಪರೀಕ್ಷೆಯಲ್ಲಿ ಮೊದಲ ಗ್ರೂಪು 231. ಅದೇ ತಲೆ, ಅದೇ ಪುಸ್ತಕ, ಮೂವತ್ತೈದು ಅಂಕ ಹೆಚ್ಚು. ಆದರೆ ಡಿಸೆಂಬರಿನಲ್ಲಿ ಎರಡನೆಯ ಗ್ರೂಪು ಕೈಕೊಟ್ಟಿತು: ಒಟ್ಟು ಸರಿಯಾಗಿ 200, ಕಾಸ್ಟಿಂಗ್‌ನಲ್ಲಿ 37. ನೇರ ತೆರಿಗೆಯ 64 ಎಕ್ಸೆಂಪ್ಷನ್ ಆಗಿ ಉಳಿಯಿತು, ಅಂದರೆ ಮುಂದಿನ ಬಾರಿ ಆ ವಿಷಯ ಬರೆಯಬೇಕಿರಲಿಲ್ಲ. ಪುಸ್ತಕ ನೋಡಿ ಬರೆಯುವ ಐಚ್ಛಿಕ ಪತ್ರಿಕೆಯನ್ನು ಹಗುರವಾಗಿ ತೆಗೆದುಕೊಂಡಿದ್ದೆ, ರಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಮೂರು ದಪ್ಪ ಪುಸ್ತಕ ಹೊತ್ತೊಯ್ದು ನಾಲ್ಕು ಗಂಟೆಯಲ್ಲಿ ಮುಕ್ಕಾಲು ಗಂಟೆ ಪುಟ ಹುಡುಕಿದೆ. ಮತ್ತೆ ಆ ಎಕ್ಸೆಲ್ ಹಾಳೆ. ಮುಂದಿನ ಬಾರಿ ಒಂದೇ ಪುಸ್ತಕ, ಕೈಯಲ್ಲಿ ಬರೆದ ನಾಲ್ಕು ಪುಟದ ವಿಷಯಸೂಚಿ. 2022ರ ಮೇ ಪರೀಕ್ಷೆಯಲ್ಲಿ ದಾಟಿದೆ, 230ರ ಆಸುಪಾಸು. ಏಳನೆಯ ಅಟೆಂಪ್ಟು.

ಹಾಗಾದರೆ ಬುದ್ಧಿಯೋ ಛಲವೋ? ನನಗಿಂತ ಬಹಳ ಚುರುಕಾದವನೊಬ್ಬನಿದ್ದ. ಆಗಿನ ಸಿಎ ಪ್ರವೇಶ ಪರೀಕ್ಷೆ ಸಿಪಿಟಿಯಲ್ಲಿ 200ಕ್ಕೆ 160 ದಾಟಿದವ, ಕನ್ಸಾಲಿಡೇಶನ್ ಲೆಕ್ಕವನ್ನು ನನಗೆ ಹೇಳಿಕೊಟ್ಟವನೇ ಅವನು. ಫೈನಲ್ ಮೂರು ಸಲ ಬರೆದು ಬಿಟ್ಟ. ಅವನಿಗೆ ಛಲ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ತಂದೆ ತೀರಿಕೊಂಡ ಮೇಲೆ ತಂಗಿಯ ಓದಿನ ಖರ್ಚು ಅವನ ಮೇಲೆ ಬಿತ್ತು. ನನ್ನ ಏಳು ಅಟೆಂಪ್ಟುಗಳ ಹಿಂದೆ ಅಡವಿಟ್ಟ ಬಳೆಗಳಿದ್ದವು, ಅವನ ಮನೆಯಲ್ಲಿ ಅಡವಿಡಲು ಏನೂ ಇರಲಿಲ್ಲ. ನನ್ನ ಮೊದಲ ನಾಲ್ಕು ಬಾರಿಯ ಛಲಕ್ಕೆ ಒಂದು ಗ್ರೂಪೂ ಸಿಗಲಿಲ್ಲ. ಬುದ್ಧಿ ಎಂದು ಏನಾದರೂ ಉಪಯೋಗಿಸಿದ್ದರೆ ಅದು ಆ ಎಂಟು ದಿನ, ನನ್ನದೇ ತಪ್ಪುಗಳನ್ನು ಎಣಿಸಿದಾಗ.

ಬಳೆಗಳನ್ನು 2023ರಲ್ಲಿ ಬಿಡಿಸಿದೆ, ಬಡ್ಡಿಯೇ ಇಪ್ಪತ್ತು ಸಾವಿರ ದಾಟಿತ್ತು. ಈಗ ರಾಣೆಬೆನ್ನೂರಿನಲ್ಲಿ ಚಿಕ್ಕ ಕಚೇರಿ, ಇಬ್ಬರು ಆರ್ಟಿಕಲ್‌ಗಳು. ಕಚೇರಿಯ ಕೆಲಸಕ್ಕೆ ಬರುವ ಒಬ್ಬ ಹುಡುಗಿ ಸಿಎಯ ನಡುವಿನ ಹಂತವಾದ ಇಂಟರ್‌ನಲ್ಲಿ ಒಂಬತ್ತು ಅಂಕಕ್ಕೆ ಬಿದ್ದು ಮೊನ್ನೆ ಅಳುತ್ತ ಬಂದಳು. ಭಾನುವಾರ ಅವಳ ಉತ್ತರ ಪತ್ರಿಕೆಗಳನ್ನು ಕೂತು ಎಣಿಸಿದೆವು. ಇಪ್ಪತ್ತೆರಡು ಅಂಕ ಮುಟ್ಟದೆ ಬಿಟ್ಟಿದ್ದಾಳೆ. ಸೋಮವಾರದಿಂದ ಒಂದು ಮುಕ್ಕಾಲಿಗೆ ಕಚೇರಿಯ ಹಿಂದಿನ ಕೋಣೆ ಅವಳದು, ಐದರವರೆಗೆ ಆ ಬಾಗಿಲನ್ನು ಯಾವ ಕಕ್ಷಿದಾರ ಬಂದರೂ ತೆರೆಯುವುದಿಲ್ಲ.